ಗೋಡೆಯ ಮೇಲಿನ ವಿಮಾನ: ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಒಂದು ಸಂಚಾರ

ಆಳಂದ, ಅಫಜಲಪುರ, ಜೇವರ್ಗಿ ಎಂದೊಡನೆ ನಮಗೆ ನೆನಪಾಗುವುದು ಕರಿಯ ಎರೆಭೂಮಿ, ತೊಗರಿ, ಬಿಳಿಜೋಳ, ಭೀಮಾ ನದಿ, ಮಠಗಳು ಮತ್ತು ಜಾತ್ರೆಗಳು. ವಿಮಾನಗಳು ಯಾರಿಗೂ ನೆನಪಾಗುವುದಿಲ್ಲ. ಕಲಬುರಗಿ ಜಿಲ್ಲೆಗೆ ವಿಮಾನ ನಿಲ್ದಾಣ ಬಂದದ್ದೇ 2019ರ ನವೆಂಬರ್ 22ರಂದು. ಆದರೂ ಈ ಮೂರು ತಾಲೂಕುಗಳ ಹಳೆಯ ಮನೆಗಳ ಪಡಸಾಲೆಗಳಲ್ಲಿ, ಬಸವಣ್ಣನವರ ಹಾಗೂ ಕಲಬುರಗಿಯ ಶರಣಬಸವೇಶ್ವರರ ಭಾವಚಿತ್ರಗಳ ಸಾಲಿನಲ್ಲಿ, ಅಲ್ಲೊಂದು ಇಲ್ಲೊಂದು ಯುದ್ಧವಿಮಾನದ ಕಪ್ಪು-ಬಿಳುಪು ಚಿತ್ರ ತೂಗಾಡುವುದನ್ನು ನಾವು ಕಂಡಿದ್ದೇವೆ. ಅದರ ಪಕ್ಕದಲ್ಲಿ ಸಮವಸ್ತ್ರ ಧರಿಸಿದ ಒಬ್ಬ ತರುಣ ನಿಂತಿರುತ್ತಾನೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಒಕ್ಕಲುತನ ಬಿಟ್ಟು ವಾಯುಪಡೆ ಸೇರಿದವರು, ಬೆಳಗಾವಿಯ ಸಾಂಬ್ರಾದಲ್ಲಿ ಇಲ್ಲವೆ ಬೆಂಗಳೂರಿನ ಜಾಲಹಳ್ಳಿಯಲ್ಲಿ ತರಬೇತಿ ಪಡೆದು ದೂರದ ನೆಲೆಗಳಿಗೆ ಹೋದವರು ಇವರು.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ಬೀಳ್ಕೊಡುಗೆ ಕೊಟ್ಟ ದೃಶ್ಯವನ್ನು ಮನೆಮನೆಗಳಲ್ಲಿ ದೂರದರ್ಶನದ ಪರದೆಯ ಮೇಲೆ ನೋಡಿದರು. ಆರು ದಶಕಗಳಿಗೂ ಮಿಗಿಲಾದ ಸೇವೆಯ ಮುಕ್ತಾಯವದು. ಅಂದಿನಿಂದ ಬಂಧುಗಳ ಮನೆಗೆ ಹೋದಲ್ಲೆಲ್ಲ ಗೋಡೆಯ ಚಿತ್ರವನ್ನು ತೋರಿಸಿ "ಇದೇ ನೋಡ್ರಿ ಆ ಮಿಗ್, ನಮ್ಮ ಮುತ್ಯಾಂದು" ಎನ್ನುವ ಮಾತು ಕೇಳಿಬರತೊಡಗಿತು. ಚಿತ್ರಗಳಲ್ಲಿ ಬಹುಪಾಲು ಮಿಗ್ ಆಗಿರಲಿಲ್ಲ. ಹಳೆಯ ವಿಮಾನಗಳ ರೂಪಲಕ್ಷಣಗಳನ್ನು ಅಭ್ಯಾಸ ಮಾಡುವ ಹವ್ಯಾಸ ನಮಗೆ ಮೊದಲಿನಿಂದಲೂ ಇರುವುದರಿಂದ, ತೊಗರಿ ರಾಶಿಯ ದಿನಗಳಲ್ಲಿ ಈ ಮೂರು ತಾಲೂಕುಗಳಲ್ಲಿ ಸಂಚರಿಸಿ ಇಂಥ ಚಿತ್ರಗಳನ್ನು ನೋಡಿ ಬರಬೇಕೆಂದು ನಿಶ್ಚಯಿಸಿದೆವು.

ವಿಮಾನಕ್ಕೂ ಒಂದು ಅಂಕಿತ

ಚಿತ್ರ ನೋಡಿ ವಿಮಾನದ ಹೆಸರು ಹೇಳುವುದು ಜಾದುವಿನ ವಿದ್ಯೆಯಲ್ಲ. ನಮ್ಮ ವಚನ ಸಾಹಿತ್ಯವನ್ನು ತಾಡೋಲೆಗಳಿಂದ ಬೆಳಕಿಗೆ ತಂದ ಫ.ಗು. ಹಳಕಟ್ಟಿಯವರಂಥ ಹಿರಿಯರಿಗೆ ವಚನಕಾರರನ್ನು ಗುರುತಿಸಲು ನೆರವಾದದ್ದು ವಚನದ ಕೊನೆಯಲ್ಲಿ ಬರುವ ಅಂಕಿತ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕನದು. ವಿಮಾನಕ್ಕೂ ಇಂಥ ಅಂಕಿತವುಂಟು. ಅದನ್ನು ಎಲ್ಲಿ ಹುಡುಕಬೇಕೆಂಬುದು ತಿಳಿದಿದ್ದರೆ ಸಾಕು.

ಮೊದಲು ವಿಮಾನದ ಬಾಯಿಯನ್ನು ನೋಡಬೇಕು. ಜೆಟ್ ಎಂಜಿನ್ನು ಗಾಳಿಯನ್ನು ಒಳಗೆಳೆದುಕೊಂಡು ಇಂಧನದೊಡನೆ ಉರಿಸಿ ಹಿಂದಕ್ಕೆ ಉಗುಳುತ್ತದೆ. ಆ ಗಾಳಿ ಒಳಹೋಗುವ ಬಾಯಿ ಮೂಗಿನ ತುದಿಯಲ್ಲಿದೆಯೋ, ಒಡಲಿನ ಎರಡೂ ಪಕ್ಕದಲ್ಲಿದೆಯೋ, ರೆಕ್ಕೆಯ ಬುಡದಲ್ಲಿದೆಯೋ ಎಂಬುದರಿಂದಲೇ ಅರ್ಧ ಕೆಲಸ ಮುಗಿಯುತ್ತದೆ. ಎರಡನೆಯದು ರೆಕ್ಕೆ: ನೇರವಾಗಿದೆಯೇ, ಹಿಂದಕ್ಕೆ ಬಾಗಿದೆಯೇ, ಮುಕ್ಕೋನವಾಗಿದೆಯೇ? ಮೂರನೆಯದು ಬಾಲ: ಅಲ್ಲಿ ಬೆಂಕಿ ಹೊರಬರುವ ಕೊಳವೆ ಒಂದೋ ಎರಡೋ? ನಾಲ್ಕನೆಯದು ಪಕ್ಕದಲ್ಲಿ ನಿಂತ ಮನುಷ್ಯ. ಆತನ ಎತ್ತರಕ್ಕೆ ಹೋಲಿಸಿದರೆ ವಿಮಾನದ ಗಾತ್ರ ತಿಳಿಯುತ್ತದೆ. ಕೊನೆಯದು ಒಡಲಿನ ಮೇಲೆ ಬರೆದ ಇಂಗ್ಲಿಷ್ ಅಕ್ಷರ ಮತ್ತು ಅಂಕಿ. ಬಣ್ಣವನ್ನು ಮಾತ್ರ ನೆಚ್ಚಬಾರದು. ಒಂದೇ ಜಾತಿಯ ವಿಮಾನ ಒಂದು ಕಾಲಕ್ಕೆ ಬೆಳ್ಳಿಯಂತೆ ಹೊಳೆದು, ಇನ್ನೊಂದು ಕಾಲಕ್ಕೆ ಹಸಿರು-ಕಂದು ಬಳಿದುಕೊಂಡದ್ದುಂಟು.

ಆಳಂದ: ನೆನಪು ಸರಿ, ಚಿತ್ರ ಬೇರೆ

ಕಲಬುರಗಿಯಿಂದ ವಾಯವ್ಯಕ್ಕೆ ಹೊರಟರೆ ಕಡಗಂಚಿಯ ಬಳಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಕಟ್ಟಡಗಳು ಕಾಣುತ್ತವೆ. ಅಲ್ಲಿಂದ ಮುಂದೆ ಆಳಂದ. ಲಾಡ್ಲೆ ಮಶಾಕರ ದರ್ಗಾದಿಂದ ಪ್ರಸಿದ್ಧವಾದ ಈ ಊರು ಶರಣ ಪರಂಪರೆಗೂ ಹಳೆಯ ನಂಟಿನ ಊರು. ಏಕಾಂತದ ರಾಮಯ್ಯನವರು ಹುಟ್ಟಿದ್ದು ಇಲ್ಲಿ. ಇದನ್ನು ನಾವು ನಿಶ್ಚಯವಾಗಿ ಹೇಳಬಲ್ಲೆವಾದರೆ ಅದಕ್ಕೆ ಕಾರಣ ಇಲ್ಲಿಂದ ಬಹುದೂರದ, ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ. ಅಲ್ಲಿ ಯಾರೋ ಪುಣ್ಯಾತ್ಮರು ಆತನ ಹುಟ್ಟೂರು ಆಳಂದೆ ಎಂದು ಕಲ್ಲಿನಲ್ಲಿ ಕೊರೆಯಿಸಿಟ್ಟರು. ಎಂಟು ಶತಮಾನಗಳ ನಂತರವೂ ಆ ಮಾತು ಉಳಿದಿದೆ.

ನಾವು ಹೋದ ಮನೆಯ ಹಿರಿಯರಿಗೆ ಎಂಬತ್ತೈದು ದಾಟಿದೆ. ಪಡಸಾಲೆಯ ಗೋಡೆಯ ಮೇಲೆ ಗಾಜು ಹಾಕಿಸಿದ ಒಂದು ವಿಮಾನದ ಚಿತ್ರ. "ಪೊಲೀಸ್ ಆಕ್ಷನ್ನದಾಗ ಬಂದ ಬಿಮಾನರಿ ಅದು" ಎಂದು ಮನೆಯವರು ಪರಿಚಯಿಸಿದರು. 1948ರ ಸೆಪ್ಟೆಂಬರ್ 13ರಂದು ಭಾರತ ಸೇನೆ ಸೊಲ್ಲಾಪುರದ ಕಡೆಯಿಂದ ನಳದುರ್ಗದ ಮಾರ್ಗವಾಗಿ ನಿಜಾಮನ ಸೀಮೆಯನ್ನು ಪ್ರವೇಶಿಸಿತು. ನಳದುರ್ಗ ಆಳಂದಕ್ಕೆ ದೂರವೇನಲ್ಲ. ರಜಾಕಾರರ ಹಾವಳಿಯಿಂದ ಬೆಂದಿದ್ದ ಈ ಭಾಗದ ಜನರಿಗೆ ಆ ದಿನಗಳ ನೆನಪು ಇಂದಿಗೂ ಹಸಿ. ಸೆಪ್ಟೆಂಬರ್ 17ನ್ನು ನಾವು ಕಲ್ಯಾಣ ಕರ್ನಾಟಕ ಉತ್ಸವವಾಗಿ ಆಚರಿಸುವುದು ಅದೇ ವಿಮೋಚನೆಯ ಸ್ಮರಣೆಗಾಗಿ.

ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದೆವು. ಅದರ ಬಾಲ ಒಂದು ಕಂಬದಂತಿರಲಿಲ್ಲ. ರೆಕ್ಕೆಗಳಿಂದ ಹಿಂದಕ್ಕೆ ಎರಡು ತೆಳ್ಳನೆಯ ದಂಡಗಳು ಚಾಚಿ, ಅವುಗಳ ನಡುವೆ ಅಡ್ಡ ಹಲಗೆ ಕೂಡಿಸಿದಂತಿತ್ತು. ಎತ್ತಿನ ಬಂಡಿಯ ಮೂಕಿ-ನೊಗಗಳನ್ನು ಹಿಂದುಮುಂದಾಗಿ ಹೂಡಿದ ಹಾಗೆ. ಭಾರತೀಯ ವಾಯುಪಡೆಯ ಹಳೆಯ ಜೆಟ್ ಯುದ್ಧವಿಮಾನಗಳಲ್ಲಿ ಇಂಥ ಬಾಲವಿದ್ದದ್ದು ವ್ಯಾಂಪೈರ್ ಒಂದಕ್ಕೇ. ಅದರ ಮುಂಭಾಗದ ಒಡಲನ್ನು ಪ್ಲೈವುಡ್ ಮತ್ತು ಹಗುರವಾದ ಬಾಲ್ಸಾ ಮರದಿಂದ ಮಾಡುತ್ತಿದ್ದರು ಎಂದರೆ ಇಂದಿನವರು ನಂಬಲಿಕ್ಕಿಲ್ಲ. ನಮ್ಮ ದೇಶಕ್ಕೆ ಬಂದ ಮೊತ್ತಮೊದಲ ಜೆಟ್ ವಿಮಾನವೂ ಅದೇ. ಆದರೆ ಮೊದಲ ವ್ಯಾಂಪೈರ್‌ಗಳು ಬಂದಿಳಿದದ್ದು 1948ರ ನವೆಂಬರಿನಲ್ಲಿ. ಹೈದರಾಬಾದ್ ಕಾರ್ಯಾಚರಣೆ ಅಷ್ಟರಲ್ಲಾಗಲೇ ಮುಗಿದುಹೋಗಿತ್ತು. ಆದ್ದರಿಂದ ಗೋಡೆಯ ಮೇಲಿನ ವಿಮಾನ ಆ ಸೆಪ್ಟೆಂಬರಿನಲ್ಲಿ ಆಳಂದದ ಆಕಾಶದಲ್ಲಿ ಇರುವುದು ಸಾಧ್ಯವೇ ಇರಲಿಲ್ಲ. ಯಾವುದೋ ಹಳೆಯ ಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ ಚಿತ್ರವದು ಎಂಬುದು ಕಾಗದದ ಮೇಲಿನ ಅಚ್ಚಿನ ಚುಕ್ಕಿಗಳಿಂದಲೂ ತಿಳಿಯುತ್ತಿತ್ತು.

ಇದನ್ನು ಹಿರಿಯರ ಮುಂದೆ ಹೇಗೆ ಹೇಳುವುದೆಂದು ಅಳುಕುತ್ತಲೇ, "ಅಜ್ಜಾರ, ನೀವು ಕಣ್ಣಾರೆ ಕಂಡ ವಿಮಾನ ಹ್ಯಾಂಗಿತ್ತರಿ?" ಎಂದು ಕೇಳಿದೆವು.

"ನಾ ಆಗ ಎಂಟು ವರ್ಷದಾಂವ. ನಳದುರ್ಗದ ಕಡೆ ಸೋದರಮಾವನ ಊರಾಗಿದ್ದೆ. ಸಪ್ಪಳ ಕೇಳಿದ ಕೂಡಲೇ ಎಲ್ಲಾರೂ ಹೊಲದಾಗ ಬೋರಲು ಬಿದ್ದೆವು. ನಾ ಮಾತ್ರ ತಲಿ ಎತ್ತಿ ನೋಡಿದೆ. ಮೂತಿ ಮ್ಯಾಲ ಪಂಕಾ ಗರಗರ ತಿರುಗತಿತ್ತು."

ಮೂತಿಯ ಮೇಲೆ ತಿರುಗುವ ಪಂಕ! ಜೆಟ್ ವಿಮಾನಕ್ಕೆ ಅದು ಇರುವುದಿಲ್ಲ. ಆ ಕಾರ್ಯಾಚರಣೆಯಲ್ಲಿ ಸೇನೆಗೆ ಬೆಂಬಲವಾಗಿ ಹಾರಿದ್ದು ಟೆಂಪೆಸ್ಟ್ ಎಂಬ, ಮೂಗಿನಲ್ಲಿ ಪಂಕವಿರುವ ವಿಮಾನಗಳು. ಎಂಟು ವರ್ಷದ ಬಾಲಕನ ಕಣ್ಣು ಕಂಡದ್ದನ್ನು ಎಪ್ಪತ್ತೇಳು ವರ್ಷಗಳ ನಂತರವೂ ನಾಲಗೆ ಸರಿಯಾಗಿಯೇ ಹೇಳುತ್ತಿತ್ತು. ಹಿರಿಯರ ನೆನಪು ಸತ್ಯವಾಗಿತ್ತು. ಯಾರೋ ತಂದು ತೂಗುಹಾಕಿದ ಚಿತ್ರ ಮಾತ್ರ ಬೇರೆಯದು. ಅದನ್ನು ತಿಳಿಸಿದಾಗ ಅವರು ನಕ್ಕು, "ನಾ ಮೊದಲೇ ಅಂತಿದ್ದೆ, ಪಂಕಾ ಎಲ್ಲದ ಅಂತ. ಇವರು ಕೇಳಬೇಕಲ್ಲ" ಎಂದರು. ಸೊಸೆ ಅವರು ಹೇಳಿದ ಮಾತನ್ನು ಹಾಗೆಯೇ ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಚಿತ್ರದ ಕಟ್ಟಿನ ಹಿಂದೆ ಸೇರಿಸಿದರು. ಆ ಮನೆಯಲ್ಲಿ ಚಿತ್ರಕ್ಕಿಂತ ಬೆಲೆಯುಳ್ಳದ್ದು ಈಗ ಆ ಹಾಳೆ.

ಅಫಜಲಪುರ: ಸಣ್ಣದರ ದೊಡ್ಡ ಕಥೆ

ಆಳಂದದ ಸೀಮೆಯಲ್ಲಿ ಹರಿಯುವ ಅಮರ್ಜಾ ಹೊಳೆ ದಕ್ಷಿಣಕ್ಕೆ ಸಾಗಿ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ನಾವೂ ಅದೇ ದಿಕ್ಕು ಹಿಡಿದು ಬಂದೆವು. ದತ್ತಾತ್ರೇಯ ಕ್ಷೇತ್ರವಾದ ಗಾಣಗಾಪುರಕ್ಕೂ, ಭಾಗ್ಯವಂತಿಯ ಘತ್ತರಗಿಗೂ ಬರುವ ಯಾತ್ರಿಕರಿಂದ ಈ ರಸ್ತೆಗಳಲ್ಲಿ ಸದಾ ಜನಸಂಚಾರ. ಅಲ್ಲಲ್ಲಿ ತೊಗರಿ ಕಟ್ಟಿಗೆಯ ಬಣವೆಗಳು, ಕಬ್ಬು ಹೇರಿದ ಟ್ರ್ಯಾಕ್ಟರುಗಳು.

ಚಿತ್ರ ನೋಡುವವರನ್ನು ನಗಿಸುವ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಹಿಂದೆ ಜಾತ್ರೆಗಳಲ್ಲಿ ಫೋಟೋ ತೆಗೆಯುವವರು ಹಲಗೆಗೆ ಬಣ್ಣ ಬಳಿದ ವಿಮಾನವೊಂದನ್ನು ನಿಲ್ಲಿಸಿರುತ್ತಿದ್ದರು. ಅದರ ಹಿಂದೆ ಕುಳಿತು ಮುಖ ತೋರಿಸಿದರೆ ಗಂಡಹೆಂಡಿರು ಆಕಾಶದಲ್ಲಿ ತೇಲುವಂತೆ ಚಿತ್ರ ಬರುತ್ತಿತ್ತು. ಅಂಥ ಒಂದನ್ನು ಕೂಡ ಬಹಳ ಗೌರವದಿಂದ ನಮ್ಮ ಮುಂದೆ ಇರಿಸಿದರು. ಆ ವಿಮಾನದ ಜಾತಿಯನ್ನು ಪತ್ತೆ ಹಚ್ಚುವುದು ಯಾರಿಂದಲೂ ಆಗದು. ಆದರೆ ದಂಪತಿಗಳ ಮುಖದ ಮೇಲಿನ ಸಂತೋಷ ಮಾತ್ರ ಅಪ್ಪಟವಾಗಿತ್ತು.

ಅದೇ ಮನೆಯ ಟ್ರಂಕಿನಿಂದ ಹೊರಬಂದ ಇನ್ನೊಂದು ಚಿತ್ರ ನಿಜವಾದದ್ದು. ವಾಯುಪಡೆಯಲ್ಲಿದ್ದು ಲಿಂಗೈಕ್ಯರಾದ ಹಿರಿಯಣ್ಣನ ಚಿತ್ರವೆಂದು ತಮ್ಮಂದಿರು ಹೇಳಿದರು. ಅವರೂ ಅದನ್ನು ಮಿಗ್ ಎಂದೇ ನಂಬಿದ್ದರು. ಮಿಗ್-21ರ ಬಾಯಿ ಮೂಗಿನ ತುದಿಯಲ್ಲಿ, ನಡುವೆ ಚೂಪಾದ ಶಂಕುವಿನೊಡನೆ ಇರುತ್ತದೆ. ಅದರ ರೆಕ್ಕೆ ಮುಕ್ಕೋನ. ಈ ಚಿತ್ರದಲ್ಲಿ ಮೂಗು ಮುಚ್ಚಿತ್ತು, ಗಾಳಿಯ ಬಾಯಿಗಳು ಒಡಲಿನ ಎರಡೂ ಪಕ್ಕಕ್ಕಿದ್ದವು. ಹಿಂದಕ್ಕೆ ಬಾಗಿದ ರೆಕ್ಕೆ ಒಡಲಿನ ಮೇಲ್ಭಾಗಕ್ಕೆ ಸೇರಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಹಿರಿಯಣ್ಣ ಅದರ ಒಡಲಿನ ಮೇಲೆ ಆರಾಮವಾಗಿ ಮೊಣಕೈ ಊರಿ ನಿಂತಿದ್ದರು. ಅಷ್ಟು ಗಿಡ್ಡನೆಯ ಯುದ್ಧವಿಮಾನ ನ್ಯಾಟ್ ಒಂದೇ. ಉದ್ದ ಸುಮಾರು 9 ಮೀಟರ್, ರೆಕ್ಕೆಗಳ ಅಗಲ 7 ಮೀಟರಿಗೂ ಕಡಿಮೆ.

"ಅಂದ್ರ ಸಣ್ಣ ಬಿಮಾನ ಏನ್ರಿ?" ಎಂದು ಒಬ್ಬರ ಮುಖ ಬಾಡಿತು. ಆಗ ನಾವು ನ್ಯಾಟಿನ ಕಥೆ ಹೇಳಿದೆವು. ಇದನ್ನು ರೂಪಿಸಿದ ಬ್ರಿಟನ್ನಿನವರೇ ತಮ್ಮ ವಾಯುಪಡೆಗೆ ಯುದ್ಧವಿಮಾನವಾಗಿ ಸ್ವೀಕರಿಸದೆ ತರಬೇತಿಗೆ ಮಾತ್ರ ಬಳಸಿದರು. ಭಾರತ ಅದನ್ನು ಆರಿಸಿಕೊಂಡು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಿಸಿತು. ಆ ಕಾರ್ಖಾನೆಯನ್ನು 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಕಟ್ಟಿದ ವಾಲಚಂದ ಹಿರಾಚಂದರು ನಮ್ಮ ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದವರು ಎಂಬುದು ಈ ಭಾಗದ ಮಕ್ಕಳಿಗೆ ತಿಳಿದಿರಬೇಕಾದ ಮಾತು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಎದುರಿಸಿದ ನ್ಯಾಟಿಗೆ 'ಸೇಬರ್ ಸಂಹಾರಿ' ಎಂಬ ಬಿರುದು ಬಂತು. 1971ರ ಡಿಸೆಂಬರ್ 14ರಂದು ಶ್ರೀನಗರದ ನೆಲೆಯ ಮೇಲೆ ಸೇಬರ್‌ಗಳು ಎರಗಿದಾಗ ಒಬ್ಬಂಟಿಯಾಗಿ ಕಾದಾಡಿ ವೀರಮರಣ ಹೊಂದಿದ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಅವರು ಹಾರಿಸಿದ್ದು ನ್ಯಾಟನ್ನೇ. ವಾಯುಪಡೆಗೆ ದೊರೆತ ಏಕೈಕ ಪರಮವೀರ ಚಕ್ರ ಅವರದು. ಕಥೆ ಮುಗಿಯುವ ಹೊತ್ತಿಗೆ ಬಾಡಿದ ಮುಖ ಅರಳಿತ್ತು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿಗಳೊಡನೆ ನಮ್ಮ ಉಪಚಾರ ನಡೆಯಿತು.

ಅದೇ ಊರಿನ ನಿವೃತ್ತ ಶಿಕ್ಷಕರೊಬ್ಬರ ಸಂಗ್ರಹದಲ್ಲಿ ಸೈನಿಕರ ಒಂದು ಗುಂಪುಚಿತ್ರ ದೊರೆಯಿತು. ಹಿನ್ನೆಲೆಯ ವಿಮಾನದ ಮೂಗೇ ತೆರೆದ ಬಾಯಿ, ಆದರೆ ನಡುವೆ ಶಂಕು ಇಲ್ಲ. ಹಾಗಿದ್ದರೆ ಅದು ಫ್ರಾನ್ಸಿನಿಂದ ಬಂದ ತೂಫಾನಿಯಾಗಿರಬೇಕು ಇಲ್ಲವೆ ಮಿಸ್ಟೇರ್. ತೂಫಾನಿಯ ರೆಕ್ಕೆ ನೇರ, ರೆಕ್ಕೆಯ ತುದಿಗಳಲ್ಲಿ ಇಂಧನದ ತೊಟ್ಟಿಗಳಿರುತ್ತವೆ. ಇಲ್ಲಿ ರೆಕ್ಕೆ ಹಿಂದಕ್ಕೆ ಬಾಗಿತ್ತು, ತುದಿಯಲ್ಲಿ ತೊಟ್ಟಿ ಇರಲಿಲ್ಲ. ಆದ್ದರಿಂದ ಮಿಸ್ಟೇರ್.

ಆ ಹೆಸರು ಕೇಳಿದೊಡನೆ ಕನ್ನಡಿಗರಾದ ನಮಗೆ ಕೊಡಗಿನ ವೀರ ಅಜ್ಜಮಾಡ ಬೋಪಯ್ಯ ದೇವಯ್ಯನವರ ನೆನಪಾಗಬೇಕು. ಸ್ಕ್ವಾಡ್ರನ್ ಲೀಡರ್ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಮಿಸ್ಟೇರ್ ಹಾರಿಸುತ್ತ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ಅವರಿಗೆ ಏನಾಯಿತೆಂದು ಇಲ್ಲಿ ಯಾರಿಗೂ ತಿಳಿಯಲಿಲ್ಲ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಅಂದು ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ವಿಮಾನ ಮಿಸ್ಟೇರ್ ಒಂದರೊಡನೆ ಕಾದಾಡಿ ನೆಲಕ್ಕುರುಳಿತ್ತೆಂಬುದು ಹೊರಬಿತ್ತು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದ ವಿಮಾನ. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲಾರದು. ದಾಳಿಯ ವಿವರಗಳನ್ನು ಹೊಂದಿಸಿ ನೋಡಿದಾಗ ಆ ಮಿಸ್ಟೇರಿನಲ್ಲಿದ್ದವರು ದೇವಯ್ಯ ಎಂಬುದು ಸ್ಪಷ್ಟವಾಯಿತು. 1988ರಲ್ಲಿ, ಮಡಿದ ಇಪ್ಪತ್ಮೂರು ವರ್ಷಗಳ ಮೇಲೆ, ಅವರಿಗೆ ಮಹಾವೀರ ಚಕ್ರ ಸಂದಿತು. ವಿಮಾನದ ಸರಿಯಾದ ಹೆಸರು ಒಂದು ಕಡೆ ದಾಖಲಾಗಿದ್ದುದರಿಂದ ಒಬ್ಬ ವೀರನಿಗೆ ಸಲ್ಲಬೇಕಾದ ಗೌರವ ತಡವಾಗಿಯಾದರೂ ಸಂದಿತು. ಎಲ್ಲವನ್ನೂ 'ಮಿಗ್' ಎಂದು ಕರೆದು ಬಿಡುವವರು ಈ ಸಂಗತಿಯನ್ನು ಮನನ ಮಾಡಬೇಕು.

ಜೇವರ್ಗಿ: ಹಾರಿಸಿದವರು, ಹಾರುವಂತೆ ಮಾಡಿದವರು

ಕಲಬುರಗಿಗೆ ಮರಳಿ, ಕಟ್ಟಿಸಂಗಾವಿಯ ಸೇತುವೆಯಲ್ಲಿ ಭೀಮೆಯನ್ನು ದಾಟಿ ಜೇವರ್ಗಿಗೆ ಹೋದೆವು. ಹದಿನೇಳನೆಯ ಶತಮಾನದ ಶ್ರೇಷ್ಠ ವಚನಕಾರ ಷಣ್ಮುಖ ಶಿವಯೋಗಿಗಳ ಊರಿದು. ಅಖಂಡೇಶ್ವರ ಎಂಬ ಅಂಕಿತ ಕಂಡ ಕೂಡಲೇ ವಚನ ಅವರದೆಂದು ಬಲ್ಲವರು ಹೇಳುತ್ತಾರೆ. ಅವರ ಮಠಕ್ಕೆ ಹೋಗಿ ಗದ್ದುಗೆಗೆ ನಮಸ್ಕರಿಸಿ ನಾವು ಸಂಕಲ್ಪಿಸಿದ್ದ ಮನೆಗೆ ಬಂದೆವು.

ಆ ಮನೆಯಲ್ಲಿ ಲಿಂಗೈಕ್ಯ ಹಿರಿಯರ ಪುಣ್ಯಸ್ಮರಣೆಗೆ ಒಂದು ಕಿರುಹೊತ್ತಿಗೆ ಅಚ್ಚು ಹಾಕಿಸುವ ಸಿದ್ಧತೆ ನಡೆದಿತ್ತು. ಮೊಮ್ಮಗ ಕರಡನ್ನು ನಮ್ಮ ಕೈಗಿತ್ತನು. ಮುಖಪುಟದಲ್ಲಿ ಅಜ್ಜನವರು ವಿಮಾನದ ಮುಂದೆ ನಿಂತ ಚಿತ್ರ, ಅದರ ಕೆಳಗೆ 'ಮಿಗ್ ಯುದ್ಧವಿಮಾನದ ವೀರ ಪೈಲಟ್' ಎಂಬ ಬರಹ. ಅಜ್ಜನವರು ಬದುಕಿದ್ದಾಗ ತಮ್ಮ ನೌಕರಿಯ ಮಾತನ್ನು ಹೆಚ್ಚು ಆಡಿದವರಲ್ಲವಂತೆ. ಮಕ್ಕಳು ಮೊಮ್ಮಕ್ಕಳು ಚಿತ್ರ ನೋಡಿ ತಾವೇ ಹಾಗೆ ತಿಳಿದುಕೊಂಡಿದ್ದರು.

ಚಿತ್ರ ಸ್ಫುಟವಾಗಿತ್ತು. ಮೂಗು ಉದ್ದವಾಗಿ ಚೂಪಾಗಿತ್ತು. ಒಡಲಿನ ಪಕ್ಕದ ಬಾಯಿಗಳಲ್ಲಿ ಅರ್ಧ ಶಂಕುಗಳು ಕಾಣುತ್ತಿದ್ದವು. ರೆಕ್ಕೆ ಚೆನ್ನಾಗಿ ಹಿಂದಕ್ಕೆ ಬಾಗಿತ್ತು. ಟ್ರಂಕಿನಲ್ಲಿದ್ದ ಇನ್ನೊಂದು ಪ್ರತಿಯಲ್ಲಿ ವಿಮಾನದ ಹಿಂಭಾಗ ಕಂಡಿತು: ಅಕ್ಕಪಕ್ಕ ಎರಡು ಬೆಂಕಿಯ ಕೊಳವೆಗಳು. ಹಂಟರ್ ಆಗಿದ್ದರೆ ಕೊಳವೆ ಒಂದೇ ಇರುತ್ತಿತ್ತು, ಬಾಯಿಗಳು ರೆಕ್ಕೆಯ ಬುಡದಲ್ಲಿರುತ್ತಿದ್ದವು. ಒಡಲಿನ ಮೇಲಿನ ಸಂಖ್ಯೆ 'ಡಿ' ಎಂಬ ಅಕ್ಷರದಿಂದ ಆರಂಭವಾಗಿತ್ತು. ಒಂಟಿ ಆಸನದ ಹಂಟರ್‌ಗಳಿಗೆ 'ಬಿಎ', ಮಿಗ್-21ಕ್ಕೆ 'ಸಿ', ಕ್ಯಾನ್‌ಬೆರಾಕ್ಕೆ 'ಐಎಫ್' ಇರುವಂತೆ 'ಡಿ' ಇರುವುದು ಮರುತ್ ವಿಮಾನಕ್ಕೆ. ಸಂದೇಹಕ್ಕೆ ಎಡೆಯೇ ಉಳಿಯಲಿಲ್ಲ.

ಮರುತ್ ನಮ್ಮ ನಾಡಿನದೇ ಕೂಸು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮುಂದಾಳ್ತನದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು, 1961ರ ಜೂನ್ 17ರಂದು ಸುರಂಜನ್ ದಾಸ್ ಅವರ ಕೈಯಲ್ಲಿ ಅಲ್ಲಿಯೇ ಮೊದಲ ಬಾರಿಗೆ ಹಾರಿತು. ಭಾರತದಲ್ಲಿ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನವಿದು. 1970ರ ಜನವರಿಯಲ್ಲಿ ಅದೇ ಮರುತ್ ಮಾಲೆಯ ಇನ್ನೊಂದು ವಿಮಾನವನ್ನು ಪರೀಕ್ಷಿಸುವಾಗ ದಾಸ್ ಪ್ರಾಣಾರ್ಪಣೆ ಮಾಡಿದರು. ಬೆಂಗಳೂರಿನ ಒಂದು ರಸ್ತೆ ಇಂದಿಗೂ ಅವರ ಹೆಸರು ಹೊತ್ತಿದೆ. ಒಟ್ಟು 147 ಮರುತ್‌ಗಳು ತಯಾರಾದವು. 1967ರಲ್ಲಿ ವಾಯುಪಡೆಯ ತುಕಡಿ ಸೇರಿ, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿ, 1990ರ ಹೊತ್ತಿಗೆ ಅವು ವಿಶ್ರಾಂತಿ ಪಡೆದವು. ಆದ್ದರಿಂದ ಈ ಚಿತ್ರ 1967 ಮತ್ತು 1990ರ ನಡುವಿನದು. ಅಜ್ಜಿಯವರು, "ಜೋಧಪುರದಾಗಿದ್ದೆವು. ಎಲ್ಲಿ ನೋಡಿದರೂ ಉಸುಕು. ನೀರಿಗೆ ಭಾಳ ತ್ರಾಸ" ಎಂದರು. ಜೋಧಪುರ ಮರುತ್ ತುಕಡಿಗಳ ನೆಲೆಯಾಗಿತ್ತು. ಚಿತ್ರವೂ ಅಜ್ಜಿಯ ನೆನಪೂ ಒಂದಕ್ಕೊಂದು ಸಾಕ್ಷಿಯಾದವು.

ಆದರೆ ಚಿತ್ರ ಇನ್ನೊಂದು ಮಾತನ್ನೂ ಹೇಳುತ್ತಿತ್ತು. ಪೈಲಟರ ಎದೆಯ ಎಡಭಾಗದಲ್ಲಿ, ಜೇಬಿನ ಮೇಲೆ, ರೆಕ್ಕೆಗಳ ಲಾಂಛನವಿರುತ್ತದೆ. ಅಜ್ಜನವರ ಎದೆಯ ಮೇಲೆ ಅದಿರಲಿಲ್ಲ. ತೋಳಿನ ಮೇಲೆ ಎರಡು ಪಟ್ಟಿಗಳಿದ್ದವು. ಅದು ಕಾರ್ಪೊರಲ್ ಹುದ್ದೆಯ ಗುರುತು. ಕೈಯಲ್ಲಿ ಪಾನಾ ಹಿಡಿದಿದ್ದರು. ಅವರು ವಿಮಾನ ಹಾರಿಸಿದವರಲ್ಲ, ಅದನ್ನು ನೆಲದ ಮೇಲೆ ಸಜ್ಜುಗೊಳಿಸಿದವರು. ನಾವು ಇದನ್ನು ಹೇಳಲೋ ಬೇಡವೋ ಎಂದು ತಡವರಿಸುತ್ತಿರುವಾಗ ಅಜ್ಜಿಯವರೇ ಮೊಮ್ಮಗನನ್ನು ಕರೆದು ಹೇಳಿದರು:

"ತಮ್ಮಾ, ನಿಮ್ಮ ಮುತ್ಯಾ ಹಾರಿಸಿಲ್ಲೋ. ಹಾರುವಂಗ ಮಾಡ್ಯಾರ. ನಸುಕಿನ್ಯಾಗ ಎದ್ದು ಹೋಗಿ, ಎಣ್ಣಿ ಕೈಲೆ ಮನಿಗಿ ಬರತಿದ್ರು. ಹೋದ ಬಿಮಾನ ತಿರುಗಿ ಬರೂತನಕಾ ಕೂಳು ಉಣ್ತಿರಲಿಲ್ಲ."

ಪಡಸಾಲೆಯಲ್ಲಿ ಒಂದು ಗಳಿಗೆ ಯಾರೂ ಮಾತನಾಡಲಿಲ್ಲ. ಮೊಮ್ಮಗನ ಮುಖದಲ್ಲಿ ನಿರಾಶೆ ಸುಳಿದದ್ದು ನಿಜ. ನೆಲದ ಸಿಬ್ಬಂದಿ ಅಂಗಾಂಗ ಪರೀಕ್ಷಿಸಿ ದಾಖಲೆ ಪುಸ್ತಕದಲ್ಲಿ ಸಹಿ ಮಾಡದ ಹೊರತು ಯಾವ ಯುದ್ಧವಿಮಾನವೂ ಮೇಲೇರುವಂತಿಲ್ಲ. ಆ ಸಹಿಯನ್ನು ನಂಬಿಯೇ ಪೈಲಟ್ ತನ್ನ ಪ್ರಾಣವನ್ನು ಅದರೊಳಗೆ ಇಡುತ್ತಾನೆ ಎಂದು ನಾವು ವಿವರಿಸಿದೆವು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಜಗತ್ತಿಗೆ ಸಾರಿದ ಪರಂಪರೆ ನಮ್ಮದು. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ ಇವರೆಲ್ಲ ಅನುಭವ ಮಂಟಪದಲ್ಲಿ ಸಮನಾಗಿ ಕುಳಿತವರು. ಕೈಯಲ್ಲಿ ಪಾನಾ ಹಿಡಿದವನನ್ನು ಪೈಲಟ್ ಎಂದು ಕರೆದರೆ ಅವನ ಗೌರವ ಹೆಚ್ಚುವುದಿಲ್ಲ. ಆತ ಮಾಡಿದ ಕಾಯಕವನ್ನು ಮರೆಮಾಡಿದಂತಾಗುತ್ತದೆ.

ಮರುದಿನ ನಾವು ಹೊರಡುವ ಮುಂಚೆ ಮೊಮ್ಮಗ ತಿದ್ದಿದ ಕರಡನ್ನು ತೋರಿಸಿದನು. 'ಬೆಂಗಳೂರಿನಲ್ಲಿ ತಯಾರಾದ ಮರುತ್ ವಿಮಾನದ ಮುಂದೆ ನಮ್ಮ ಅಜ್ಜನವರು. ಕಾಯಕ: ವಿಮಾನ ಸಜ್ಜುಗೊಳಿಸುವುದು. ಜೋಧಪುರ' ಎಂದು ಬರೆದಿತ್ತು. ಅಜ್ಜಿ ಅದನ್ನು ಎರಡು ಸಲ ಓದಿಸಿ ಕೇಳಿದರು.

ನಮ್ಮ ಆಕಾಶದ ಕಿರಣ

ಇವೆಲ್ಲ ದೂರದ ನೆಲೆಗಳ ಚಿತ್ರಗಳಾದವು. ನಮ್ಮ ನೆರೆಯ ಬೀದರಿನ ವಾಯುನೆಲೆಯ ವಿಮಾನಗಳ ಚಿತ್ರಗಳೂ ಕೆಲವರಲ್ಲಿವೆ. ಅಲ್ಲಿ ದಶಕಗಳ ಕಾಲ ತರಬೇತಿಗೆ ಬಳಕೆಯಾದದ್ದು ಎಚ್‌ಎಎಲ್ ನಿರ್ಮಿಸಿದ ಕಿರಣ್. 1996ರಲ್ಲಿ ಬೀದರಿನಲ್ಲಿಯೇ ರಚನೆಯಾದ ಸೂರ್ಯಕಿರಣ ಪ್ರದರ್ಶನ ತಂಡವೂ ಮೊದಲು ಇದನ್ನೇ ಹಾರಿಸಿತು. 2008ರಲ್ಲಿ ಹಾಕ್ ಬಂದಿತು. ತಂಡ ಇಂದು ಹಾರಿಸುವುದೂ ಹಾಕ್ ವಿಮಾನಗಳನ್ನೇ. ಇವೆರಡನ್ನು ಬೇರ್ಪಡಿಸುವುದು ಮಕ್ಕಳಿಗೂ ಸುಲಭ. ಕಿರಣ್‌ನಲ್ಲಿ ಗುರುಶಿಷ್ಯರು ಬಂಡಿಯಲ್ಲಿ ಕುಳಿತಂತೆ ಪಕ್ಕಪಕ್ಕದಲ್ಲಿ ಕೂರುತ್ತಾರೆ, ಆದ್ದರಿಂದ ತಲೆಭಾಗ ಅಗಲ. ಹಾಕ್‌ನಲ್ಲಿ ಒಬ್ಬರ ಹಿಂದೆ ಒಬ್ಬರು. ಕಿರಣ್‌ನ ರೆಕ್ಕೆ ನೇರ, ಹಾಕ್‌ನದು ಹಿಂದಕ್ಕೆ ಬಾಗಿದ್ದು.

ಬಂಧುಗಳಲ್ಲಿ ಒಂದು ವಿಜ್ಞಾಪನೆ

ಮನೆಯಲ್ಲಿ ಇಂಥ ಚಿತ್ರವಿದ್ದರೆ ಮೊದಲು ಹಿಂಬದಿಯನ್ನು ನೋಡಿರಿ. ಸ್ಟುಡಿಯೋದ ಮುದ್ರೆಯೋ ಊರಿನ ಹೆಸರೋ ಇದ್ದೀತು. ಅಕ್ಷರಗಳು ತಿರುವುಮುರುವಾಗಿ ಕಂಡರೆ ಚಿತ್ರವನ್ನು ತಲೆಕೆಳಗು ಅಚ್ಚು ಹಾಕಿದ್ದಾರೆಂದಲ್ಲ, ಎಡಬಲ ಬದಲಾಗಿದೆಯೆಂದು ತಿಳಿದು ಕನ್ನಡಿಯಲ್ಲಿ ಓದಿರಿ. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಕೀಳಲು ಹೋಗಬೇಡಿರಿ, ಇದ್ದಂತೆಯೇ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿರಿ. ಅಂಚುಗಳನ್ನು ಕತ್ತರಿಸಬೇಡಿರಿ, ವಿಮಾನದ ಬಾಲವೋ ಸಂಖ್ಯೆಯೋ ಅಂಚಿನಲ್ಲಿಯೇ ಇರುತ್ತದೆ. ವಿಮಾನ ಯಾವುದೆಂದು ಹೋಲಿಸಿ ನೋಡಬೇಕೆಂದರೆ ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಮರುತ್ತನ್ನೂ, 2001ರಲ್ಲಿ ಆರಂಭವಾದ ಎಚ್‌ಎಎಲ್ ವಸ್ತುಸಂಗ್ರಹಾಲಯವನ್ನೂ ಮಕ್ಕಳಿಗೆ ತೋರಿಸಿರಿ. ದಿಲ್ಲಿಯ ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯದಲ್ಲಿ ವ್ಯಾಂಪೈರ್, ತೂಫಾನಿ, ಮಿಸ್ಟೇರ್, ಹಂಟರ್, ನ್ಯಾಟ್‌ಗಳೂ ಇವೆ.

ಎಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಬೇರೆಯೇ ಇದೆ. ವಿಮಾನದ ಹೆಸರನ್ನು ನೂರು ವರ್ಷಗಳ ನಂತರವೂ ಬಲ್ಲವರು ಯಾರಾದರೂ ಹೇಳಿಯಾರು. ಅದರ ಪಕ್ಕದಲ್ಲಿ ನಿಂತವರ ಹೆಸರನ್ನು ಹೇಳಬಲ್ಲವರು ಆ ಮನೆಯ ಹಿರಿಯರು ಮಾತ್ರ, ಅವರೂ ಇನ್ನು ಕೆಲವೇ ವರ್ಷ. ಅವರ ಬಳಿ ಕುಳಿತು ಕೇಳಿ, ಚಿತ್ರದ ಹಿಂದೆ ಮೆತ್ತನೆಯ ಪೆನ್ಸಿಲ್ಲಿನಿಂದ, ಯಾರು, ಎಲ್ಲಿ, ಯಾವ ಇಸವಿ, ಹೇಳಿದವರು ಯಾರು ಎಂದು ಬರೆದಿಡಿರಿ. ಬಾಲ್‌ಪೆನ್ ಬೇಡ, ಅದರ ಒತ್ತು ಮುಂಬದಿಗೆ ಮೂಡುತ್ತದೆ. ಏಕಾಂತದ ರಾಮಯ್ಯನವರು ಆಳಂದೆಯವರೆಂದು ಒಂದು ಕಲ್ಲು ನಮಗೆ ಹೇಳುತ್ತಿದೆ. ನಮ್ಮ ಅಜ್ಜಂದಿರ ವಿಷಯದಲ್ಲಿ ಅಷ್ಟು ದೊಡ್ಡ ಕಲ್ಲಿನ ಅಗತ್ಯವಿಲ್ಲ, ಒಂದು ಸಾಲು ಪೆನ್ಸಿಲ್ ಬರಹ ಸಾಕು.